ಮಾವನ ಮೈಕ್ ಸೆಟ್ಟಿನಿಂದ ಮತ್ತೆ ಸದ್ದು ಬರಬೇಕು: ಏನನ್ನು ಮುಟ್ಟಬಹುದು, ಏನನ್ನು ಬಿಡಬೇಕು?

ಹುಲೇಕಲ್ ರಸ್ತೆ (ಶಿರಸಿ)

ನಮಸ್ಕಾರ. ಹಳೇ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ರಿಪೇರಿ ಗೊತ್ತಿದ್ದವರ ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಸೋದರಮಾವ ಕುಮಟಾ ಕಡೆಯವರು. ಮೈಕ್ ಸೆಟ್ ಬಾಡಿಗೆಗೆ ಕೊಡುವುದೇ ಅವರ ಕಸುಬು. ಮದುವೆ, ಮುಂಜಿ, ತೇರು, ಚುನಾವಣೆ, ಯಕ್ಷಗಾನ, ತಾಳಮದ್ದಲೆ, ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲಿ ಮಾವನ ಹಾರ್ನ್ ಯಾವುದಾದರೂ ಮರದ ಮೇಲೆ ಇರುತ್ತಿತ್ತು. ದೊಡ್ಡ ಬಾಕ್ಸ್ ಸ್ಪೀಕರ್ ಬಂದ ಮೇಲೆ ಬಾಡಿಗೆ ನಿಂತಿತು, ಸಾಮಾನು ಅಟ್ಟ ಸೇರಿತು. ಹೋದ ವರ್ಷ ಮಾವ ತೀರಿಕೊಂಡರು. ಅಟ್ಟ ಖಾಲಿ ಮಾಡುವಾಗ ಅತ್ತೆ ಎಲ್ಲವನ್ನೂ ನನಗೆ ಕೊಟ್ಟರು. ರಜೆಯಲ್ಲಿ ಹೋದಾಗ ಮಾವನ ಹಿಂದೆ ವಯರ್ ಸುತ್ತುತ್ತಾ ತಿರುಗುತ್ತಿದ್ದವಳು ನಾನೊಬ್ಬಳೇ, ಅದಕ್ಕೆ. ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತಂದಿದ್ದೇನೆ.

ಇರುವುದು ಇಷ್ಟು. ಅಹುಜಾ ಕಂಪನಿಯ ವಾಲ್ವ್ ಆಂಪ್ಲಿಫೈಯರ್, ಒಳಗೆ ದೊಡ್ಡ ವಾಲ್ವ್ (ಬಲ್ಬಿನ ಹಾಗೆ ಹತ್ತುವ ಗಾಜಿನ ಕೊಳವೆ) ಎರಡು, ಗಾಜಿನ ಮೇಲೆ ಇಎಲ್ 34 ಅಂತ ಮಾಸಿದ ಅಕ್ಷರ. ನಾಯಿ ಗುರುತಿನ ಎಚ್‌ಎಂವಿ ರೆಕಾರ್ಡ್ ಪ್ಲೇಯರ್. ಜರ್ಮನಿಯ ಗ್ರುಂಡಿಗ್ ಸ್ಪೂಲ್ ಟೇಪ್ ರೆಕಾರ್ಡರ್, ಮುಂಬೈಯಲ್ಲಿ ಹಡಗಿನ ಕೆಲಸದವರ ಕೈಯಿಂದ ಕೊಂಡದ್ದಂತೆ. ಅಲ್ಯೂಮಿನಿಯಂ ಹಾರ್ನ್ ಎರಡು. ಒಂದು ಟ್ರಂಕ್ ತುಂಬ ರೆಕಾರ್ಡ್. ಬಿಸ್ಕಿಟ್ ಡಬ್ಬದಲ್ಲಿ ಒಂದಷ್ಟು ಸ್ಪೂಲು. ಟ್ರಂಕಿಗೆ ಒರಲೆ ಬಂದಿಲ್ಲ, ಅದೇ ದೊಡ್ಡದು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಾವನ ಮಗನಿಗೆ ಎಲ್ಲ ಪಾಲಿಶ್ ಮಾಡಿಸಿ ಗಾಜಿನ ಕಪಾಟಿನಲ್ಲಿ ಇಡಬೇಕು. ಅತ್ತೆ ಹೇಳುವುದು, "ಕಪಾಟಿನಲ್ಲಿ ಇಟ್ರೆ ಎಂತಾ ಬಂತು? ಕಾರ್ತಿಕದಲ್ಲಿ ವರ್ಷದ ತಿಥಿ. ಆ ದಿನ ಒಂದು ಹಾಡಾದ್ರೂ ಬರಲಿ." ನನಗೋ, ಮಾವ ಹಾಕಿದ ಒಂದು ಸೋಲ್ಡರನ್ನೂ ತೆಗೆಯಲು ಮನಸ್ಸಿಲ್ಲ. ತೆಗೆಯದೆ ಸದ್ದು ಬರುತ್ತದಾ? ಮೊದಲು ಯಾವುದಕ್ಕೆ ಕೈ ಹಾಕಲಿ? ಸೋಲ್ಡರಿಂಗ್ ಬರುತ್ತದೆ, ಮಲ್ಟಿಮೀಟರ್ ಇದೆ. ವಾಲ್ವ್ ಮಾತ್ರ ಇದೇ ಮೊದಲು.

ಕರಿ ಈಶಾಡ (ಅಂಕೋಲಾ)

ಮೊದಲು ಒಂದು ಮಾತು. ಯಾವುದನ್ನೂ ಪ್ಲಗ್ಗಿಗೆ ಹಾಕಬೇಡಿ. "ಸುಮ್ನೆ ಒಂದು ಸಲ ಹಾಕಿ ನೋಡುವಾ" ಅಂತ ಹಾಕಿ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡವರು ಅಂಕೋಲೆಯಲ್ಲೇ ಬೇಕಾದಷ್ಟು ಇದ್ದಾರೆ. ನಮ್ಮ ರೇಡಿಯೋ ಮಾಸ್ತರು ಇಲ್ಲಿ ಬಂದು ಬರೆಯುವ ತನಕ ಒಣ ಬ್ರಷ್ಷಿನಲ್ಲಿ ಧೂಳು ಒರೆಸುತ್ತಾ ಇರಿ. ಹಾರ್ನಿನ ಫೋಟೋ ಹಾಕಿ.

ಹಳೇ ರೇಡಿಯೋ ಮಾಸ್ತರ (ಕಾರವಾರ)

ತಂಗೀ, ಈಶಾಡದವರು ಹೇಳಿದ್ದು ಸರಿ. ಯಾಕೆ ಅಂತ ಹೇಳುತ್ತೇನೆ, ಕಾರಣ ಗೊತ್ತಿದ್ದರೆ ಕೈ ತಾನಾಗಿ ಹಿಂದೆ ಬರುತ್ತದೆ.

ವಾಲ್ವ್ ಸೆಟ್ಟಿನಲ್ಲಿ ವಾಲ್ವ್ ಬೇಗ ಕೆಡುವುದಿಲ್ಲ. ಕೆಡುವುದು ಕಂಡೆನ್ಸರ್, ಅಂದರೆ ಕರೆಂಟನ್ನು ತುಂಬಿಟ್ಟುಕೊಳ್ಳುವ ಸಾಮಾನು. ಫಿಲ್ಟರ್ ಕಂಡೆನ್ಸರ್ ಒಳಗೆ ಒದ್ದೆ ಇರುವ ಸಾಮಾನು. ಅಷ್ಟು ವರ್ಷ ಕರೆಂಟಿಲ್ಲದೆ ಇದ್ದರೆ ಒಣಗಿರುತ್ತದೆ, ಇಲ್ಲವೇ ಶಾರ್ಟ್ ಆಗಿರುತ್ತದೆ. ಅದಕ್ಕಿಂತ ಮೋಸದ್ದು ಕಪ್ಲಿಂಗ್ ಕಂಡೆನ್ಸರ್, ಒಂದು ವಾಲ್ವಿನಿಂದ ಇನ್ನೊಂದಕ್ಕೆ ಸದ್ದನ್ನು ಮಾತ್ರ ದಾಟಿಸಿ ಡಿಸಿ ತಡೆಯುವಂಥದ್ದು. ಕಾಗದ ಸುತ್ತಿ ಮೇಣ ಹಾಕಿದ್ದು. ನಮ್ಮ ಕಡೆಯ ಮಳೆಗೆ ಆ ಕಾಗದ ನೀರು ಕುಡಿಯುತ್ತದೆ, ಸೋರಲು ಶುರುವಾಗುತ್ತದೆ. ಆಗ ಹಿಂದಿನ ವಾಲ್ವಿನ ಪಾಸಿಟಿವ್ ವೋಲ್ಟೇಜ್ ನೇರ ಇಎಲ್ 34ರ ಗ್ರಿಡ್ಡಿಗೆ ಬರುತ್ತದೆ. ಗ್ರಿಡ್ ಅಂದರೆ ವಾಲ್ವಿನೊಳಗೆ ಕರೆಂಟಿನ ಹರಿವನ್ನು ಹಿಡಿತದಲ್ಲಿ ಇಡುವ ಜಾಲರಿ, ಅದು ನೆಗೆಟಿವ್ ಇರಬೇಕಾದದ್ದು. ಅದು ತಿರುಗಿತು ಅಂದರೆ ವಾಲ್ವಿನ ಪ್ಲೇಟು ಕೆಂಪಗೆ ಕಾಯುತ್ತದೆ, ಹಿಂದೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ವಾಲ್ವ್ ಇವತ್ತಿಗೂ ಹೊಸದು ಸಿಗುತ್ತದೆ. ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ಇಎಲ್ 34 ಇನ್ನೂ ಮಾಡುತ್ತಾರೆ, ಗಿಟಾರಿನವರ ದಯೆ. ಆ ಟ್ರಾನ್ಸ್‌ಫಾರ್ಮರ್ ಮಾತ್ರ ಎಲ್ಲಿಂದ ತರುತ್ತೀ?

ಈಗ ಮಾಡುವ ಕೆಲಸ. ವಾಲ್ವ್ ಎಲ್ಲ ತೆಗೆದಿಡು, ಯಾವುದು ಯಾವ ಸಾಕೆಟ್ಟಿನದು ಅಂತ ಬರೆದುಕೋ. ಕೆಳಗಿನ ತಗಡು ಬಿಚ್ಚಿ ಎಲ್ಲ ಕಡೆಯಿಂದ ಫೋಟೋ ತೆಗೆ. ಒಂದು ಸೀರೀಸ್ ಬೋರ್ಡ್ ಮಾಡಿಕೋ. ಲೈವ್ ವಯರಿನ ಮಧ್ಯೆ 100 ವ್ಯಾಟಿನ ಹಳೇ ತಂತಿ ಬಲ್ಬ್, ಅಷ್ಟೇ. ಎಲ್‌ಇಡಿ ಬಲ್ಬ್ ಆಗುವುದಿಲ್ಲ. ವಾಲ್ವ್ ಇಲ್ಲದೆ ಆನ್ ಮಾಡಿದಾಗ ಬಲ್ಬ್ ಹತ್ತಿಯೂ ಹತ್ತದ ಹಾಗೆ ಇದ್ದರೆ ಪವರ್ ಟ್ರಾನ್ಸ್‌ಫಾರ್ಮರ್ ಬದುಕಿದೆ. ಭರ್ರಂತ ಹತ್ತಿ ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ, ಕೂಡಲೇ ಆರಿಸು.

ಇನ್ನೊಂದು. ಈ ಸೆಟ್ಟಿನಲ್ಲಿ 400 ವೋಲ್ಟಿನ ಹತ್ತಿರ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ. ಕೆಲವು ಕಿಲೋ ಓಮಿನ ದಪ್ಪ ರೆಸಿಸ್ಟರಿಗೆ ಎರಡು ವಯರ್ ಕಟ್ಟಿ, ಇನ್ಸುಲೇಶನ್ ಹಿಡಿದು ಅದನ್ನು ಖಾಲಿ ಮಾಡು. ಮೀಟರಿನಲ್ಲಿ ನೋಡು. ಆಮೇಲೆ ಕೈ. ಎಡಗೈ ಜೇಬಿನಲ್ಲಿ ಇರಲಿ ಅಂತ ನಮಗೆ ಕಲಿಸಿದ್ದರು. ನಿನ್ನ ಬಟ್ಟೆಗೆ ಜೇಬಿಲ್ಲದಿದ್ದರೆ ಬೆನ್ನ ಹಿಂದೆ ಇಟ್ಟುಕೋ.

ಯಲ್ಲಾಪುರದ ಹುಡುಗ

ಅಕ್ಕಾ, ಇಷ್ಟೆಲ್ಲ ತಲೆಬಿಸಿ ಯಾಕೆ? ಒಳಗಿನದ್ದೆಲ್ಲ ತೆಗೆದು ಒಂದು ಕ್ಲಾಸ್-ಡಿ ಬೋರ್ಡ್ (ಈಗಿನ ಸಣ್ಣ ಆಂಪ್ಲಿಫೈಯರ್) ಹಾಕಿ, ಬ್ಲೂಟೂತ್ ಇರುವಂಥದ್ದು. ಹೊರಗಿನಿಂದ ಮಾವನ ಸೆಟ್ಟೇ, ಒಳಗೆ ಹೊಸದು. ಕರೆಂಟೂ ಕಡಿಮೆ, ಬಿಸಿಯೂ ಇಲ್ಲ.

ಕರಿ ಈಶಾಡ (ಅಂಕೋಲಾ)

ಅಜ್ಜನ ಕೋಟು ಹಾಕಿಕೊಂಡವರೆಲ್ಲ ಅಜ್ಜ ಆಗುತ್ತಾರಾ ಮಾರಾಯಾ?

ಹಳೇ ರೇಡಿಯೋ ಮಾಸ್ತರ (ಕಾರವಾರ)

ಹುಡುಗನನ್ನು ಬೈಯಬೇಡಿ. ಒಳಗೆಲ್ಲ ಸುಟ್ಟು ಹೋದ ಸೆಟ್ಟಿಗೆ ನಾನೇ ಹಾಗೆ ಮಾಡಿಕೊಟ್ಟದ್ದಿದೆ. ಇದು ಸುಟ್ಟಿಲ್ಲವಲ್ಲ. ಬ್ಲೂಟೂತ್ ಬೇಕೇ ಬೇಕು ಅಂದರೆ ಸಣ್ಣ ರಿಸೀವರ್ ತಂದು ಹಿಂದಿನ ಗ್ರಾಮಫೋನ್ ಇನ್‌ಪುಟ್ಟಿಗೆ ಕೊಟ್ಟರೆ ಆಯಿತು. ಒಂದು ತೂತೂ ಕೊರೆಯುವುದು ಬೇಡ. ಎಡ, ಬಲ ಎರಡನ್ನೂ ನೇರ ಗಂಟು ಹಾಕಬೇಡಿ. ಒಂದೊಂದಕ್ಕೆ ಒಂದೊಂದು ರೆಸಿಸ್ಟರ್ ಕೊಟ್ಟು ಕೂಡಿಸಿ. ಈ ಸೆಟ್ಟಿಗೆ ಸ್ಟೀರಿಯೋ ಗೊತ್ತಿಲ್ಲ.

ಹುಲೇಕಲ್ ರಸ್ತೆ (ಶಿರಸಿ)

ತಗಡು ಬಿಚ್ಚಿದೆ. ಫೋಟೋ ಹಾಕಿದ್ದೇನೆ.

ಒಳಗೆ ಮಾವನ ಕೈ ಎಲ್ಲ ಕಡೆ ಕಾಣುತ್ತದೆ. ವಾಲ್ಯೂಮ್ ಕಂಟ್ರೋಲ್ ಬೇರೆ ಕಂಪನಿಯದು. ಒಂದು ರೆಸಿಸ್ಟರ್ ಜಾಗದಲ್ಲಿ ಎರಡನ್ನು ತಿರುಪಿ ಹಾಕಿದ್ದಾರೆ. ತಗಡಿನ ಒಳಮೈಗೆ ಪೆನ್ಸಿಲಿನಲ್ಲಿ ವಾಲ್ವ್ ಬದಲಿಸಿದ ತಾರೀಕು, ಪಕ್ಕದಲ್ಲಿ ಊರು: ಮಿರ್ಜಾನ, ಗೋಕರ್ಣ, ಹೊನ್ನಾವರ. ಕಾರ್ಯಕ್ರಮದ ಜಾಗದಲ್ಲೇ ಕೂತು ಬದಲಿಸಿದ್ದಿರಬೇಕು. ಫ್ಯೂಸಿನ ಗಾಜಿನ ಕೊಳವೆಗೆ ಹೊರಗಿನಿಂದ ದಪ್ಪ ತಾಮ್ರದ ತಂತಿ ಸುತ್ತಿದ್ದಾರೆ. ಇದನ್ನೆಲ್ಲ ತೆಗೆದು ಹೊಸದು ಹಾಕಿದರೆ ಮಾವನ ಸೆಟ್ ಅಂತ ಉಳಿಯುವುದು ಎಂತದು?

ಹಳೇ ರೇಡಿಯೋ ಮಾಸ್ತರ (ಕಾರವಾರ)

ಆ ತಾಮ್ರದ ತಂತಿಯನ್ನು ಇವತ್ತೇ ತೆಗೆ. ನಾಳೆ ಅಲ್ಲ. ಮೈಕ್ ಸೆಟ್ಟಿನವರು ಎಲ್ಲರೂ ಅದನ್ನು ಮಾಡುತ್ತಿದ್ದರು. ರಾತ್ರಿ ಎರಡು ಗಂಟೆಗೆ ಭಾಗವತರು ಪದ್ಯ ಎತ್ತಿದಾಗ ಫ್ಯೂಸ್ ಹೋದರೆ ಯಾವ ಅಂಗಡಿ ತೆಗೆಸುವುದು? ಆ ರಾತ್ರಿಗೆ ಅದು ಸರಿ. ಮನೆಯಲ್ಲಿ ಇಡುವ ಸೆಟ್ಟಿಗೆ ಸರಿಯಲ್ಲ. ಎರಡು ಎಳೆಯ ವಯರನ್ನೂ ತೆಗೆದು ಮೂರು ಎಳೆಯದು ಹಾಕು, ಚಾಸಿಸ್ಸಿಗೆ, ಅಂದರೆ ಸೆಟ್ಟಿನ ತಗಡಿನ ಮೈಗೆ, ಅರ್ತಿಂಗ್ ಕೊಡು. ಮೈಕಿಗೆ ತುಟಿ ತಾಗಿದಾಗ ಚುರುಕ್ ಅಂದು ಮಾತು ನಿಲ್ಲಿಸಿದ ಭಾಷಣದವರನ್ನು ನೀನೂ ನೋಡಿರಬಹುದು. ನಗುವ ವಿಷಯ ಅಲ್ಲ ಅದು.

ಇನ್ನು ನೀನು ಕೇಳಿದ್ದಕ್ಕೆ. ಮೈಕ್ ಸೆಟ್ಟಿನವನಿಗೆ ಸೆಟ್ ಅಂದರೆ ಹೊಟ್ಟೆಪಾಡು. ಕೆಟ್ಟ ಕಂಡೆನ್ಸರನ್ನು ನೆನಪಿಗೆ ಅಂತ ನಿನ್ನ ಮಾವ ಒಂದು ದಿನವೂ ಇಟ್ಟುಕೊಂಡಿರಲಿಕ್ಕಿಲ್ಲ. ನೀನೇ ಬರೆದಿದ್ದೀಯಲ್ಲ, ಎಲ್ಲ ಕಡೆ ಬದಲಿಸಿದ ಗುರುತು ಇದೆ ಅಂತ. ನೀನು ಬದಲಿಸಿದರೆ ಅವರ ಕೆಲಸ ಮುಂದುವರಿಸಿದ ಹಾಗೆ. ಆದರೂ ಮನಸ್ಸಿಗೆ ಕಷ್ಟ ಆದರೆ ಒಂದು ದಾರಿ ಇದೆ. ಚಾಸಿಸ್ಸಿನ ಮೇಲಿನ ದೊಡ್ಡ ಅಲ್ಯೂಮಿನಿಯಂ ಕಂಡೆನ್ಸರ್ ಅಲ್ಲೇ ಇರಲಿ, ಅದರ ವಯರ್ ಬಿಡಿಸಿ ಕೆಳಗೆ ಹೊಸದು ಕೂರಿಸು. ಈಗಿನವು ಬಹಳ ಸಣ್ಣ, ಕಾಣುವುದೇ ಇಲ್ಲ. ಕಾಗದದ ಕಂಡೆನ್ಸರಿನ ಕೊಳವೆ ಬಿಸಿ ಮಾಡಿ ಒಳಗಿನದ್ದನ್ನು ಜಾರಿಸಿ ತೆಗೆ, 630 ವೋಲ್ಟಿನ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕಂಡೆನ್ಸರನ್ನು ಅದರೊಳಗೆ ತೂರಿಸಿ ಮೇಣ ಮುಚ್ಚು. ಎರಡು ರೆಸಿಸ್ಟರ್ ತಿರುಪಿದ್ದು ಇರಲಿ, ಅಳತೆ ಸರಿ ಇದ್ದರೆ ಮುಟ್ಟಬೇಡ. ಪೆನ್ಸಿಲ್ ಬರಹಕ್ಕೆ ಸ್ಪಿರಿಟ್ ತಾಗಿಸಬೇಡ. ಅದರ ಕೆಳಗೆ ನಿನ್ನ ತಾರೀಕನ್ನೂ ಬರಿ, ಊರು ಶಿರಸಿ ಅಂತ.

ಸೋಂದಾ ತೋಟ

ಎಲ್ಲರೂ ಸದ್ದು ಬರಿಸುವ ಮಾತೇ ಆಡುತ್ತಿದ್ದೀರಿ. ನಾನು ಬೇರೆ ಹೇಳುತ್ತೇನೆ. ನಮ್ಮ ಅಜ್ಜನ ವಾಲ್ವ್ ರೇಡಿಯೋ ಜಗಲಿಯಲ್ಲಿ ಇದೆ. ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟಿದ ಲೈಸೆನ್ಸ್ ಪುಸ್ತಕವೂ ಪಕ್ಕದಲ್ಲೇ ಇದೆ. ಧಾರವಾಡ ಕೇಂದ್ರ 1950ರಲ್ಲಿ ಶುರುವಾದಾಗ ನಮ್ಮ ಕೇರಿಯಲ್ಲಿ ಕೇಳಲು ಇದ್ದದ್ದು ಅದೊಂದೇ ಅಂತ ಹೇಳುತ್ತಿದ್ದರು. ನಾನು ಅದನ್ನು ರಿಪೇರಿ ಮಾಡಿಸಿಲ್ಲ. ಮಾಡಿಸುವುದೂ ಇಲ್ಲ. ಈಗ ಆನ್ ಮಾಡಿದರೆ ಮಧ್ಯಮ ತರಂಗದಲ್ಲಿ ಕೇಳುವುದು ಎಲ್‌ಇಡಿ ಬಲ್ಬ್, ಇನ್ವರ್ಟರ್, ಚಾರ್ಜರ್‌ಗಳ ಗುರುಗುರು ಮಾತ್ರ. ಅಜ್ಜ ಕೇಳಿದ್ದು ಅದಲ್ಲವಲ್ಲ. ನಿಮ್ಮ ಭಾವನ ಮಗ ಕಪಾಟಿನಲ್ಲಿ ಇಡುವಾ ಅಂದದ್ದನ್ನು ಅಷ್ಟು ಹಗುರ ಮಾಡಬೇಡಿ.

ಹುಲೇಕಲ್ ರಸ್ತೆ (ಶಿರಸಿ)

ಭಾವನ ಮಗ ಅಲ್ಲ, ಮಾವನ ಮಗ. ನಮ್ಮಲ್ಲಿ ಅವನೇ ಭಾವ. ನಿಮ್ಮ ಮಾತು ಒಪ್ಪುತ್ತೇನೆ, ರೇಡಿಯೋಕ್ಕೆ. ರೇಡಿಯೋ ಹೊರಗಿನ ಸದ್ದು ತರುವ ಪೆಟ್ಟಿಗೆ, ಆ ಸದ್ದು ಕಳಿಸುವವರು ಬದಲಾದರು. ಇದು ಊರವರ ಸದ್ದನ್ನು ಊರಿಗೇ ಕೇಳಿಸಿದ ಪೆಟ್ಟಿಗೆ. ಊರು ಅಲ್ಲೇ ಇದೆ.

ಬಡಗುತಿಟ್ಟು (ಹೊನ್ನಾವರ)

ನೀವೆಲ್ಲ ಆಂಪ್ಲಿಫೈಯರ್ ಬಗ್ಗೆ ಇಷ್ಟು ಬರೆದಿರಿ. ಆ ಬಿಸ್ಕಿಟ್ ಡಬ್ಬದ ವಿಷಯ ಯಾರೂ ಕೇಳಲಿಲ್ಲವಲ್ಲ! ಮೈಕ್ ಸೆಟ್ಟಿನವರ ಹತ್ತಿರ ಸ್ಪೂಲ್ ರೆಕಾರ್ಡರ್ ಇತ್ತು ಅಂದರೆ ಅವರು ಯಕ್ಷಗಾನ, ತಾಳಮದ್ದಲೆ ಹಿಡಿದಿರುತ್ತಾರೆ. ಮೈಕಿನ ಲೈನ್ ಅವರ ಕೈಯಲ್ಲೇ ಇತ್ತು. ಸಭೆಯಲ್ಲಿ ಕೂತು ಹಿಡಿದದ್ದಕ್ಕಿಂತ ಅದು ಎಷ್ಟೋ ಸ್ವಚ್ಛ ಇರುತ್ತದೆ. ಅಕ್ಕಾ, ಸ್ಪೂಲಿನ ಮೇಲೆ ಏನು ಬರೆದಿದೆ?

ಆಂಪ್ಲಿಫೈಯರ್ ಹತ್ತು ವರ್ಷ ಬಿಟ್ಟು ರಿಪೇರಿ ಮಾಡಿದರೂ ನಡೆಯುತ್ತದೆ. ಕಂಡೆನ್ಸರ್ ಆಗಲೂ ಸಿಗುತ್ತದೆ. ಟೇಪ್ ಕಾಯುವುದಿಲ್ಲ. ಪ್ರತಿ ಮಳೆಗಾಲ ಒಂದಷ್ಟು ತಿಂದು ಹೋಗುತ್ತದೆ. ಅದಕ್ಕೆ ಪ್ರತಿ ಇಲ್ಲ, ಅದೊಂದೇ.

ಈಗಲೇ ಮಾಡಬಹುದಾದ ಪರೀಕ್ಷೆ ಇದೆ. ಸ್ಪೂಲನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಸುತ್ತಿದ ಟೇಪಿನ ಮೂಲಕ ನೋಡಿ. ಬೆಳಕು ಹಾಯ್ದು ಬಂದರೆ ಟೇಪಿನ ಪಟ್ಟಿ ಅಸಿಟೇಟಿನದು. ಬರದಿದ್ದರೆ ಹೆಚ್ಚಾಗಿ ಪಾಲಿಯೆಸ್ಟರ್. ಅಸಿಟೇಟ್ ಹಳೇ ಜಾತಿ, ಒಣಗಿದರೆ ಪಟಕ್ ಅಂತ ತುಂಡಾಗುತ್ತದೆ. ತುಂಡಾದ ಕಡೆ ಅಂಚು ನೇರ ಇರುತ್ತದೆ, ಜೋಡಿಸಬಹುದು. ಪಾಲಿಯೆಸ್ಟರ್ ತುಂಡಾಗುವ ಮೊದಲು ಎಳೆದುಕೊಳ್ಳುತ್ತದೆ, ಆ ಭಾಗದ ದನಿ ಹೋದ ಹಾಗೆಯೇ. ಆಮೇಲೆ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ ಅಂತ ಅರ್ಥ. ಅಂಥದ್ದನ್ನು ಬೇರೆ ಡಬ್ಬಕ್ಕೆ ಹಾಕಿ, ಪಕ್ಕದವಕ್ಕೂ ಬೇನೆ ತಾಗುತ್ತದೆ.

ಬಿಸಿಲಿಗೆ ಇಡಬೇಡಿ. ಟೇಪನ್ನು ಒಲೆಯಲ್ಲಿ ಕಾಯಿಸಬೇಕು ಅಂತ ಇಂಟರ್ನೆಟ್ಟಿನಲ್ಲಿ ಓದಿ ಬರುತ್ತಾರೆ. ಅದು 1970-80ರ ದಶಕದ, ಹಿಂಬದಿಗೂ ಲೇಪ ಇರುವ ಕೆಲವು ಟೇಪುಗಳಿಗೆ ಮಾತ್ರ, ಅದೂ ಬಹಳ ಹದವಾದ ಬಿಸಿಯಲ್ಲಿ. ಅಸಿಟೇಟಿಗೆ ಹಾಗೆ ಮಾಡಿದರೆ ಮುಗಿಯಿತು. ಹುಳಿ ವಾಸನೆ ಇಲ್ಲದವನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡಿ. ಬೂಸ್ಲು ಹಿಡಿದದ್ದನ್ನು ಮನೆಯೊಳಗೆ ಕೊಡವಬೇಡಿ, ಮೂಗಿಗೆ ಮಾಸ್ಕ್ ಇರಲಿ.

ಮತ್ತೆ, ದಮ್ಮಯ್ಯ, ಆ ಗ್ರುಂಡಿಗ್‌ನಲ್ಲಿ ಹಾಕಿ ನೋಡಬೇಡಿ.

ಹುಲೇಕಲ್ ರಸ್ತೆ (ಶಿರಸಿ)

ನೋಡಿದೆ. ಅರ್ಧಕ್ಕಿಂತ ಜಾಸ್ತಿ ಬೆಳಕು ಬಿಡುತ್ತವೆ. ಎರಡರಲ್ಲಿ ಆ ಹುಳಿ ವಾಸನೆ ಇದೆ. ಕೆಲವಕ್ಕೆ ಅಂಚಿನಲ್ಲಿ ಬಿಳಿ ಬೂಸ್ಲು. ಡಬ್ಬದ ಮೇಲೆ ಊರಿನ ಹೆಸರು, ಭಾಗವತರ ಹೆಸರು, ಕೆಲವು ಕಡೆ "ಮಳೆ ಬಂತು" ಅಂತ ಮಾತ್ರ. ಒಂದರ ಮೇಲೆ "ಅರ್ಧ. ಕರೆಂಟ್ ಹೋಯ್ತು."

ಸರಿ, ಟೇಪ್ ಮೊದಲು. ಆಂಪ್ಲಿಫೈಯರ್ ಪಕ್ಕಕ್ಕೆ ಇಡುತ್ತೇನೆ. ಅತ್ತೆಗೆ ಹೇಗೆ ಹೇಳುವುದೋ.

ಹಳೇ ರೇಡಿಯೋ ಮಾಸ್ತರ (ಕಾರವಾರ)

ಪಕ್ಕಕ್ಕೆ ಯಾಕೆ? ಟೇಪ್ ಹೊನ್ನಾವರಕ್ಕೆ ಹೋಗಲಿ, ಆಂಪ್ಲಿಫೈಯರ್ ನಿನ್ನ ಮೇಜಿನ ಮೇಲೆ ಇರಲಿ. ಎರಡೂ ಒಟ್ಟಿಗೆ ಆಗುತ್ತದೆ.

ಗ್ರುಂಡಿಗ್ ಬಗ್ಗೆ ಬಡಗುತಿಟ್ಟಿನವರು ಸರಿಯಾಗಿ ಹೇಳಿದರು. ಆ ಕಾಲದ ಬೆಲ್ಟುಗಳು ಇಷ್ಟು ಹೊತ್ತಿಗೆ ಕರಗಿ ಡಾಂಬರಿನ ಹಾಗೆ ಪುಲ್ಲಿಗೆ ಅಂಟಿರುತ್ತವೆ. ಒತ್ತುವ ರಬ್ಬರ್ ರೋಲರ್ ಗಟ್ಟಿಯಾಗಿ ಟೇಪನ್ನು ಮಡಚುತ್ತದೆ. ಟೇಪ್ ಓದುವ ಹೆಡ್ಡಿಗೆ ಕಾಂತ ಕೂತಿದ್ದರೆ ಹಾಕಿದ ಪ್ರತಿ ಸಲ ಮೇಲಿನ ಸಣ್ಣ ದನಿ ಸ್ವಲ್ಪ ಸ್ವಲ್ಪ ಅಳಿಸುತ್ತದೆ. ಒಳಗೆ ತಗಡಿನ ರೆಕ್ಕೆಗಳ ಹಾಗೆ ಕಾಣುವ ಸೆಲೆನಿಯಂ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಸಾಮಾನು) ಇದ್ದರೆ ಅದನ್ನು ನಂಬಬೇಡ. ಸುಟ್ಟರೆ ಬರುವ ವಾಸನೆ ನಾಯಿಗೂ ಬೇಡ, ವಿಷವೂ ಹೌದು. ಸಿಲಿಕಾನ್ ಡಯೋಡ್ ಹಾಕಬಹುದು. ಆದರೆ ವೋಲ್ಟೇಜ್ ಏರುತ್ತದೆ, ಜೊತೆಗೆ ಒಂದು ರೆಸಿಸ್ಟರ್ ಬೇಕು. ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಜಾಗ ಇರುತ್ತದೆ. 220ಕ್ಕೆ ಇದ್ದರೆ 240ಕ್ಕೆ ತಿರುಗಿಸು.

ಒಂದು ಸಮಾಧಾನ. ಜರ್ಮನಿಯದ್ದೂ ನಮ್ಮದ್ದೂ 50 ಹರ್ಟ್ಸ್ ಕರೆಂಟೇ. ಹಾಗಾಗಿ ಮೋಟಾರಿನ ವೇಗ ಸರಿ ಇರುತ್ತದೆ. ಅಮೆರಿಕದ ಮಷಿನ್ ಆಗಿದ್ದರೆ ಅದು 60 ಹರ್ಟ್ಸಿನದು, ಇಲ್ಲಿ ನಿಧಾನ ತಿರುಗಿ ಸ್ತ್ರೀವೇಷದವರೂ ರಾಕ್ಷಸನ ದನಿಯಲ್ಲಿ ಮಾತಾಡುತ್ತಿದ್ದರು.

ಬಡಗುತಿಟ್ಟು (ಹೊನ್ನಾವರ)

ನನ್ನ ಮಷಿನ್ ಸುಸ್ಥಿತಿಯಲ್ಲಿದೆ. ತಂದು ಕೊಡಿ. ಒಂದು ಷರತ್ತು ಇದೆ. ಕಂಪ್ಯೂಟರಿಗೆ ಹಾಕುವಾಗ 24 ಬಿಟ್, 96 ಕಿಲೋಹರ್ಟ್ಸ್, ವೇವ್ ಫೈಲ್. ಜಗತ್ತಿನ ದನಿ ಸಂಗ್ರಹದವರು ಕಡಿಮೆ ಅಂದರೆ 48 ಇರಲಿ ಅನ್ನುತ್ತಾರೆ, 96 ಇದ್ದರೆ ಒಳ್ಳೆಯದು. ಮೂಲ ಫೈಲಿನಲ್ಲಿ ಶಬ್ದ ತೆಗೆಯುವ ಯಾವ ಆಟವೂ ಇಲ್ಲ. ಬೇಕಾದರೆ ಅದರ ನಕಲಿನಲ್ಲಿ ಮಾಡಿಕೊಳ್ಳಿ. ಜೀರುಂಡೆ, ಚಪ್ಪರದ ಮೇಲಿನ ಮಳೆ, ಎಲ್ಲ ಹಾಗೇ ಇರಲಿ.

ಯೂಟ್ಯೂಬಿಗೆ ಹಾಕುವ ಮೊದಲು ಕಲಾವಿದರ ಮನೆಯವರನ್ನು ಕೇಳಿ. ನಮ್ಮ ಕಾಯ್ದೆಯಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಇದೆ. ಕಾಯ್ದೆ ಬಿಡಿ, ಕೇಳುವುದು ಮರ್ಯಾದೆ ಅಲ್ವಾ? ಭಾಗವತರ ಮಕ್ಕಳ ಹತ್ತಿರ ಅಪ್ಪನ ಆ ವಯಸ್ಸಿನ ದನಿ ಇಲ್ಲದೇ ಇರಬಹುದು. ಒಂದು ಪ್ರತಿ ಅವರಿಗೆ ಹೋಗಲಿ. 1934ರಿಂದ ಇರುವ ಗುಣವಂತೆಯ ಕೆರೆಮನೆ ಮೇಳದಂಥ ಕಡೆಯೂ ಕೇಳಬಹುದು, ಅವರ ಕಲಾವಿದರ ದನಿ ಇದ್ದರೆ.

ಕಾಳಿ ದಂಡೆ (ಸದಾಶಿವಗಡ)

ರೆಕಾರ್ಡಿನ ಟ್ರಂಕ್ ಬಗ್ಗೆ ನಾನು ಹೇಳುತ್ತೇನೆ. ದಪ್ಪ, ಭಾರ, ಬೀಳಿಸಿದರೆ ಒಡೆಯುವಂಥವು 78ರ ತಟ್ಟೆ, ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಅರಗು ಮತ್ತು ಕಲ್ಲುಪುಡಿ ಸೇರಿಸಿ ಮಾಡಿದ್ದು. ಅವಕ್ಕೆ ಸ್ಪಿರಿಟ್ ತಾಗಿಸಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಬಡಗಿಯವರು ಪಾಲಿಶ್ ಮಾಡುವುದೇ ಹಾಗೆ. ತಣ್ಣೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತಗಿನ ಬ್ರಷ್, ನಡುವಿನ ಲೇಬಲ್ ಒದ್ದೆ ಆಗದ ಹಾಗೆ. ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ.

ಪ್ಲೇಯರಿನ ಮುಳ್ಳು ನೋಡಿ. 78ರ ಗೆರೆ ಅಗಲ, ಎಲ್‌ಪಿಯ ಗೆರೆ ಸಣ್ಣದು. ಒಂದೇ ಮುಳ್ಳು ಎರಡಕ್ಕೂ ಆಗುವುದಿಲ್ಲ. ಹಳೇ ಕಾರ್ಟ್ರಿಜ್ಜಿನಲ್ಲಿ (ಮುಳ್ಳು ಕೂರುವ ಭಾಗ) ತಿರುಗಿಸುವ ಸಣ್ಣ ಕಡ್ಡಿ ಇರುತ್ತದೆ, ಒಂದು ಬದಿ 78ಕ್ಕೆ, ಇನ್ನೊಂದು ಬದಿ ಎಲ್‌ಪಿಗೆ. ಸದ್ದು ಬಹಳ ಸಣ್ಣ ಬಂದರೆ ಅಥವಾ ಬರದೇ ಇದ್ದರೆ ಕಾರ್ಟ್ರಿಜ್ ಸತ್ತಿದೆ. ಹಳೇ ಕ್ರಿಸ್ಟಲ್ ಕಾರ್ಟ್ರಿಜ್ ಒಳಗೆ ಇರುವುದು ರೋಶೆಲ್ ಉಪ್ಪಿನ ಹರಳು. ಉಪ್ಪು ಮಳೆಗಾಲದಲ್ಲಿ ಏನಾಗುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾ? ಅದರ ಜಾಗಕ್ಕೆ ಸೆರಾಮಿಕ್ ಹಾಕಿ. ತಟ್ಟೆ ತಿರುಗಿಸುವ ರಬ್ಬರ್ ಚಕ್ರಕ್ಕೆ ಎಣ್ಣೆ ಬಿಡಬೇಡಿ, ಜಾರುತ್ತದೆ. ಎಣ್ಣೆ ನಡುವಿನ ಬೇರಿಂಗಿಗೆ ಮಾತ್ರ.

ಕರಿ ಈಶಾಡ (ಅಂಕೋಲಾ)

ಹಾರ್ನಿನ ಫೋಟೋ ನೋಡಿದೆ. ಡ್ರೈವರ್ ಬಿಚ್ಚಿ 1.5 ವೋಲ್ಟಿನ ಒಂದು ಸೆಲ್ಲನ್ನು ಎರಡು ತುದಿಗೆ ತಾಗಿಸಿ. ಟಕ್ ಅಂದರೆ ಜೀವ ಇದೆ. ಬೋಲ್ಟು ಉಪ್ಪುಗಾಳಿಗೆ ಹಿಡಿದುಕೊಂಡಿದೆ, ಜೋರು ಮಾಡಿದರೆ ಅಲ್ಯೂಮಿನಿಯಂ ಕಿವಿಯೇ ಮುರಿಯುತ್ತದೆ. ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು ಬೆಳಿಗ್ಗೆ ತಿರುಗಿಸಿ. ಬಣ್ಣ ಹೊಡೆಯಬೇಡಿ. ಆ ಹಾರ್ನಿನ ಮೇಲೆ ಮಾವ ಬರೆಸಿದ ಹೆಸರು ಅರ್ಧ ಕಾಣುತ್ತಿದೆ.

ನಾನು ಪೆನ್ಶನ್ ಆದವನು. ಹಾರ್ನ್ ಒಂದನ್ನು ನನ್ನ ಹತ್ತಿರ ಕಳಿಸಿದರೂ ಆಗುತ್ತದೆ.

ಹುಲೇಕಲ್ ರಸ್ತೆ (ಶಿರಸಿ)

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕಂಡೆನ್ಸರ್ ಹುಬ್ಬಳ್ಳಿಯಲ್ಲಿ ಸಿಕ್ಕಿದವು ಕೆಲವು, ಉಳಿದದ್ದು ಬೆಂಗಳೂರಿನ ಎಸ್‌ಪಿ ರೋಡಿನಿಂದ. ಮಾಸ್ತರು ಹೇಳಿದ ಹಾಗೆ ಹಳೇ ಕೊಳವೆಯೊಳಗೆ ಹೊಸದು ತೂರಿಸಿದೆ. ನೋಡಿದರೆ ಗೊತ್ತೇ ಆಗುವುದಿಲ್ಲ. ಸೀರೀಸ್ ಬೋರ್ಡಿನಲ್ಲಿ ವಾಲ್ವ್ ಇಲ್ಲದೆ ಬಲ್ಬ್ ಹತ್ತಲಿಲ್ಲ. ವಾಲ್ವ್ ಹಾಕಿದ ಮೇಲೆ ಜೋರಾಗಿ ಹತ್ತಿ, ಆಮೇಲೆ ಕಡಿಮೆ ಆಯಿತು. ಗ್ರಿಡ್ಡಿನಲ್ಲಿ ನೆಗೆಟಿವ್ ವೋಲ್ಟೇಜ್ ಇದೆ. ಪ್ಲೇಟು ಕೆಂಪಾಗಿಲ್ಲ, ಕತ್ತಲೆ ಮಾಡಿ ನೋಡಿದೆ.

ಸದ್ದು ಬರುತ್ತದೆ. ಆದರೆ ಹಿಂದೆ ಗುಂಯ್ ಅಂತ ಒಂದು ನಿಲ್ಲದ ಸದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೆ ಹೋಗುತ್ತದೆ.

ಹಳೇ ರೇಡಿಯೋ ಮಾಸ್ತರ (ಕಾರವಾರ)

ವಾಲ್ಯೂಮ್ ಇಳಿಸಿದರೆ ಹೋಗುತ್ತದೆ ಅಂದರೆ ಫಿಲ್ಟರಿನದ್ದಲ್ಲ, ಅದಕ್ಕಿಂತ ಮುಂಚಿನದು. ಮೈಕಿನ ಅಥವಾ ಪ್ಲೇಯರಿನ ವಯರ್ ನೋಡು. ಸುತ್ತಲಿನ ಜಾಲರಿ ಎಲ್ಲೋ ಕಡಿದಿರುತ್ತದೆ. ಮೊದಲ ವಾಲ್ವಿನ ಮೇಲೆ ತಗಡಿನ ಟೊಪ್ಪಿ ಇತ್ತಾ? ಅದು ಇಲ್ಲದಿದ್ದರೂ ಹಾಗೇ.

ಹುಲೇಕಲ್ ರಸ್ತೆ (ಶಿರಸಿ)

ಟೊಪ್ಪಿ ಟ್ರಂಕಿನಲ್ಲಿ ಇತ್ತು. ಹಾಕಿದೆ. ಹೋಯಿತು!

ಹೊನ್ನಾವರದಿಂದ ಮೊದಲ ಫೈಲುಗಳು ಬಂದವು. ತಾಳಮದ್ದಲೆ ಅದ್ಭುತ ಇದೆ, ಅದು ಬೇರೆ. ನಡುನಡುವೆ ಮಾವ ಮಾತಾಡುತ್ತಾರೆ. ಹಲೋ ಹಲೋ ಅಂತ ಇರಬಹುದು ಅಂದುಕೊಂಡಿದ್ದೆ. ಅದಲ್ಲ. "ಒಂದು ಕಪ್ಪು ಕೊಡೆ ಸಿಕ್ಕಿದೆ. ಕಳಕೊಂಡವರು ಗುರುತು ಹೇಳಿ ತಗೊಂಡು ಹೋಗಬೇಕು." ಅರ್ಧ ಗಂಟೆ ಬಿಟ್ಟು ಮತ್ತೆ ಅವರೇ, ಸಿಟ್ಟಿನಲ್ಲಿ, "ಕೊಡೆ ಕಪ್ಪು ಅಂತ ಹೇಳಿದರೆ ಗುರುತು ಹೇಳಿದ ಹಾಗೆ ಆಗುವುದಿಲ್ಲ." ಸಭೆ ನಗುವುದು ಕೇಳುತ್ತದೆ. ಅತ್ತೆ ಅದೊಂದನ್ನೇ ಮತ್ತೆ ಮತ್ತೆ ಹಾಕಿಸಿದರು. ತಾಳಮದ್ದಲೆ ಕೇಳಲೇ ಇಲ್ಲ.

ಕರಿ ಈಶಾಡ (ಅಂಕೋಲಾ)

ಆ ಕೊಡೆ ನಮ್ಮ ಅಪ್ಪಯ್ಯನದ್ದೇ ಇರಬೇಕು. ಅವರು ಮಳೆಗಾಲಕ್ಕೊಂದು ಕಳೆಯುತ್ತಿದ್ದರು.

ಸೋಂದಾ ತೋಟ

ಇದನ್ನು ಕೇಳಿ ನನ್ನ ಮಾತು ಸ್ವಲ್ಪ ಸಡಿಲ ಮಾಡುತ್ತೇನೆ. ಸ್ವಲ್ಪವೇ. ರೇಡಿಯೋ ಹಾಗೇ ಇರುತ್ತದೆ. ಅಜ್ಜನ ಹತ್ತಿರ ಕ್ಯಾಸೆಟ್ ಒಂದೆರಡು ಇತ್ತು, ಅದನ್ನು ಹುಡುಕುತ್ತೇನೆ.

ಯಲ್ಲಾಪುರದ ಹುಡುಗ

ತಿಥಿಯ ದಿನ ಹಾರ್ನ್ ಮರಕ್ಕೆ ಕಟ್ಟುತ್ತೀರಾ ಅಕ್ಕಾ? ನಾನೂ ಬರಬಹುದಾ? ವಾಲ್ವ್ ಹತ್ತುವುದನ್ನು ನೋಡಬೇಕು.

ಬಡಗುತಿಟ್ಟು (ಹೊನ್ನಾವರ)

ಮರಕ್ಕೆ ಕಟ್ಟುವುದಾದರೆ ಮೊದಲು ಬರವಣಿಗೆಯಲ್ಲಿ ಅನುಮತಿ ತಗೊಳ್ಳಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಹಾಕುವ ಹಾಗೇ ಇಲ್ಲ. ಮನೆಗಳಿರುವ ಕಡೆ ಹಗಲಿಗೆ ಮಿತಿ 55 ಡೆಸಿಬೆಲ್. ಹಾರ್ನಿಗೆ ಅದು ಒಂದು ಕೆಮ್ಮು. ನಮ್ಮ ಮೇಳಗಳೇ ಕಾಲಮಿತಿಗೆ ಬಂದಿವೆ, ಈ ನಿಯಮದ ಬಿಸಿಯೂ ಅದರಲ್ಲಿ ಇದೆ.

ಹುಲೇಕಲ್ ರಸ್ತೆ (ಶಿರಸಿ)

ಮರಕ್ಕೆ ಇಲ್ಲ. ಅಂಗಳದಲ್ಲಿ ಬೆಂಚಿನ ಮೇಲೆ ಒಂದೇ ಹಾರ್ನ್, ವಾಲ್ಯೂಮ್ ಸಣ್ಣಗೆ. ಆದರೂ ಅರ್ಜಿ ಕೊಡುತ್ತೇವೆ. ಹುಡುಗಾ, ಬಾ. ಊಟಕ್ಕೆ ಮೊದಲೇ ಬಾ, ವಯರ್ ಎಳೆಯಲು ಜನ ಬೇಕು.

ಕಪಾಟಿನ ಜಗಳವೂ ಮುಗಿಯಿತು. ಭಾವ ಕಪಾಟು ಮಾಡಿಸಿಯೇ ಬಿಟ್ಟ. ಗಾಜಿನ ಬಾಗಿಲು ತೆಗೆಸಿ ಹಿಂಬದಿಗೆ ಗಾಳಿ ಹೋಗುವ ಹಾಗೆ ಮಾಡಿಸಿದೆ, ವಾಲ್ವ್ ಕಾಯುತ್ತದಲ್ಲ. ಗ್ರುಂಡಿಗ್ ಮಾತ್ರ ಸದ್ಯಕ್ಕೆ ಹಾಗೇ ಕೂರುತ್ತದೆ, ಅದರ ಬೆಲ್ಟ್ ಸಿಗುವ ತನಕ.

ಒಂದು ಸಾಮಾನು ಬೇಕಿತ್ತು. ಉಳಿದ ಅಸಿಟೇಟ್ ಟೇಪುಗಳ ಸ್ಪೂಲ್ ಅಂಚು ಬಿರಿದಿದೆ, ಹೊನ್ನಾವರದಲ್ಲಿ ಬೇರೆಯದಕ್ಕೆ ಸುತ್ತಿಕೊಳ್ಳಬೇಕಂತೆ. ಏಳು ಇಂಚಿನ ಖಾಲಿ ಸ್ಪೂಲ್ ಯಾರ ಹತ್ತಿರವಾದರೂ ಇದೆಯಾ?

ಕಾಳಿ ದಂಡೆ (ಸದಾಶಿವಗಡ)

ನನ್ನ ಹತ್ತಿರ ಐದಾರು ಇವೆ, ಪ್ಲಾಸ್ಟಿಕ್‌ನವು, ಬಾಗಿಲ್ಲ. ನಾಳೆ ಬೆಳಿಗ್ಗೆ ಹೊನ್ನಾವರದ ಬಸ್ಸಿಗೆ ಹಾಕುತ್ತೇನೆ. ಬಡಗುತಿಟ್ಟಿನವರೇ, ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಿ. ದುಡ್ಡು ಬೇಡ, ಆ ಕೊಡೆಯ ಫೈಲ್ ಕಳಿಸಿ.